ಒಂದು ಹಂಚು ನೋಡಿ ಮನೆಯ ವಯಸ್ಸು ಹೇಳಬೇಡಿ

ಹಳೆಯ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಹರಾಜಿನಲ್ಲಿ ಪರೀಕ್ಷಿಸುವುದು ಹೇಗೆ ಎಂಬ ಬಗ್ಗೆ ಮಂಗಳೂರಿನಲ್ಲಿ, ಗಿಟಾರ್ ನುಡಿಸುವವರ ಮತ್ತು ಕೂಡಿಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ.

ಏಲಂ ಅಂದರೆ ಏನು ಅಂತ ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ದಕ್ಕೆಗೆ ಹೋದವರೆಲ್ಲ ನೋಡಿದ್ದೀರಿ. ಬೋಟಿನಿಂದ ಮೀನು ಇಳಿದದ್ದೇ ತಡ, ಕೂಗು ಶುರು. ಮೀನು ಕೊಂಡು ಪಳಗಿದವರು ಮೈಯ ಹೊಳಪಿಗೆ ಮರುಳಾಗುವುದಿಲ್ಲ. ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ, ಒಳಗೆ ಕೆಂಪು ಉಂಟಾ ಅಂತ ನೋಡುತ್ತಾರೆ. ನೀರು ಚಿಮುಕಿಸಿದರೆ ಹೊರಗಿನ ಹೊಳಪು ಬರುತ್ತದೆ. ಕಿವಿರಿನ ಕೆಂಪು ಬರುವುದಿಲ್ಲ.

ಇನ್ನೊಂದು ಏಲಂ ಉಂಟು. ಚರ್ಚಿನ ಹಬ್ಬದಲ್ಲಿ, ದೇವಸ್ಥಾನದಲ್ಲಿ ನಡೆಯುವುದು. ಯಾರೋ ತಮ್ಮ ತೋಟದ ಮೊದಲ ಸೌತೆಕಾಯಿ ತಂದು ಒಪ್ಪಿಸಿರುತ್ತಾರೆ. ಪೇಟೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ಸೌತೆ ಅಲ್ಲಿ ಸಾವಿರ ದಾಟುತ್ತದೆ. ರುಚಿ ಜಾಸ್ತಿ ಇದೆ ಅಂತ ಅಲ್ಲ. ಅದು ಎಲ್ಲಿಂದ ಬಂತು, ಯಾರ ಮುಂದೆ ಇಟ್ಟದ್ದು, ಅದಕ್ಕೆ ಆ ಬೆಲೆ.

ಗಿಟಾರ್ ಹರಾಜಿನಲ್ಲಿ ಈ ಎರಡೂ ಒಂದೇ ಕೋಣೆಯಲ್ಲಿ ನಡೆಯುತ್ತವೆ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಕೈ ಎತ್ತುವವರಿಗೆ ನಷ್ಟ.

ಸೌತೆಕಾಯಿಯ ಕಥೆಯಿಂದಲೇ ಶುರು ಮಾಡುತ್ತೇನೆ. 2019ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ, ಕ್ರಿಸ್ಟೀಸ್ ಹರಾಜು ಕಂಪೆನಿಯಲ್ಲಿ, ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಅವರ ಗಿಟಾರ್‌ಗಳು ಹರಾಜಾದವು. ಅದರಲ್ಲಿ ಅವರ ಕಪ್ಪು ಸ್ಟ್ರಾಟೋಕಾಸ್ಟರ್, ಅಂದರೆ ಅಮೆರಿಕದ ಫೆಂಡರ್ ಕಂಪೆನಿಯ ಒಂದು ಮಾದರಿ, 39 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಆ ಗಿಟಾರಿನ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ಎಷ್ಟೋ ಸಲ ಬದಲಾಗಿತ್ತು. ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವ ಭಾಗ, ಬದಲಾಗಿತ್ತು. ಹೊಸ ಸ್ವಿಚ್ ಹಾಕಿದ್ದರು. 2004ರಲ್ಲಿ ಇನ್ನೊಬ್ಬ ಪ್ರಸಿದ್ಧ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಅವರ 'ಬ್ಲ್ಯಾಕಿ' 9 ಲಕ್ಷ 59 ಸಾವಿರದ 500 ಡಾಲರಿಗೆ ಮಾರಾಟವಾಯಿತು. ಅದಂತೂ ಮೂರು ಸ್ಟ್ರಾಟೋಕಾಸ್ಟರ್‌ಗಳ ಬಿಡಿಭಾಗ ಸೇರಿಸಿ ಅವರೇ ಮಾಡಿಸಿಕೊಂಡ ಗಿಟಾರ್. ಇದೇ ಬದಲಾವಣೆ ನಿಮ್ಮ ಅಥವಾ ನನ್ನ ಗಿಟಾರಿನಲ್ಲಿ ಆಗಿದ್ದರೆ ಬೆಲೆ ಅರ್ಧಕ್ಕಿಂತ ಕೆಳಗೆ ಬೀಳುತ್ತಿತ್ತು. ಅಲ್ಲಿ ಕೊಂಡವರು ಮರಕ್ಕೆ ದುಡ್ಡು ಕೊಡಲಿಲ್ಲ. ಆ ಕೈಗಳಿಗೆ ಕೊಟ್ಟರು.

ಆದರೆ ಆ ಕೈಗಳು ಹಿಡಿದದ್ದು ಇದೇ ಗಿಟಾರನ್ನು ಅಂತ ಸಾಬೀತು ಮಾಡಬೇಕಲ್ವಾ? ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಅವರ ಒಂದು ಗಿಟಾರ್, ಗಿಬ್ಸನ್ ಕಂಪೆನಿಯ ಜೆ-160ಇ, 1963ರಲ್ಲಿ ಕಳೆದುಹೋಗಿತ್ತು. ಯಾರದೋ ಮನೆಯಲ್ಲಿ ದಶಕಗಟ್ಟಲೆ ಸುಮ್ನೆ ಇತ್ತು. ಅವರಿಗೆ ಅದು ಏನು ಅಂತ ಗೊತ್ತೇ ಇರಲಿಲ್ಲ. ಕೊನೆಗೆ ಸೀರಿಯಲ್ ನಂಬರ್ ತಾಳೆ ಆಯಿತು. ಅದರ ಮೇಲೆ, ಹಳೆಯ ಫೋಟೋಗಳಲ್ಲಿ ಕಾಣುವ ಮರದ ಗೆರೆಗಳನ್ನು ಈ ಗಿಟಾರಿನ ಗೆರೆಗಳ ಜೊತೆ ಇಟ್ಟು ನೋಡಿದರು. 2015ರಲ್ಲಿ ಅದು 24 ಲಕ್ಷ ಡಾಲರ್ ದಾಟಿತು. ಮರದ ಗೆರೆ ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಎರಡು ಹಲಗೆಗೆ ಒಂದೇ ಗೆರೆ ಬರುವುದಿಲ್ಲ. ಹಾಗಾಗಿ 'ಇದು ಇಂಥವರು ನುಡಿಸಿದ ಗಿಟಾರ್' ಅಂತ ಯಾರಾದರೂ ಹೇಳಿದರೆ ಕಾಗದ ಕೇಳಬೇಡಿ, ಮೊದಲು ಫೋಟೋ ಕೇಳಿ. ಸರ್ಟಿಫಿಕೇಟನ್ನು ಯಾವಾಗ ಬೇಕಾದರೂ ಟೈಪ್ ಮಾಡಬಹುದು.

ಇಷ್ಟು ಹೇಳಿ ಆ ಏಲಂ ಅನ್ನು ಬಿಡುತ್ತೇನೆ. ನಮಗೆ ಬೇಕಾದದ್ದು ಬಂಗುಡೆಯ ಏಲಂ. ಹೆಸರಿಲ್ಲದವರು ನುಡಿಸಿದ, ಆದರೆ ಕಾರ್ಖಾನೆಯಿಂದ ಬಂದ ಹಾಗೇ ಉಳಿದ ಗಿಟಾರ್. ಅದರ ಕಿವಿರು ನೋಡುವುದು ಹೇಗೆ?

ನಾನು ಇದೇ ಊರಿನಲ್ಲಿ ಮೂವತ್ತು ವರ್ಷದಿಂದ ಗಿಟಾರ್ ರಿಪೇರಿ ಮಾಡುತ್ತಿದ್ದೇನೆ. ಗಲ್ಫ್‌ನಿಂದ ಬಂದ ಗಿಟಾರ್‌ಗಳು, ಹಡಗಿನಲ್ಲಿ ಕೆಲಸ ಮಾಡಿದವರು ತಂದ ಗಿಟಾರ್‌ಗಳು, ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ದುಡಿದ ಗಿಟಾರ್‌ಗಳು ನನ್ನ ಮೇಜಿನ ಮೇಲೆ ಬಂದಿವೆ. ಹೊರದೇಶದ ಹರಾಜಿಗೆ ಕಳಿಸುವವರಿಗೂ, ಅಲ್ಲಿಂದ ತರಿಸುವವರಿಗೂ ನೋಡಿಕೊಟ್ಟಿದ್ದೇನೆ. ಇಷ್ಟು ವರ್ಷದಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡ ವಿಷಯ ಒಂದೇ. ಅದನ್ನು ಹಂಚಿನ ಲೆಕ್ಕದಲ್ಲಿ ಹೇಳಿದರೆ ನಿಮಗೆ ಬೇಗ ತಿಳಿಯುತ್ತದೆ.

ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನಿಮ್ಮ ಅಜ್ಜನ ಮನೆಯ ಮಾಡಿಗೆ ಹತ್ತಿ ಒಂದು ಹಂಚು ತಿರುಗಿಸಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಆದರೆ ಆ ಒಂದು ಹಂಚು ನೋಡಿ ಮನೆಯ ವಯಸ್ಸು ಹೇಳಲು ಆಗುತ್ತದಾ? ತೆಂಗಿನಕಾಯಿ ಬಿದ್ದು ಒಡೆದ ಹಂಚು, ಮಂಗ ಹಾರಿ ಒಡೆದ ಹಂಚು, ಪ್ರತಿ ಮಳೆಗಾಲದ ಮುಂಚೆ ಬದಲಾಗುತ್ತಾ ಬಂದಿರುತ್ತದೆ. ಪಕ್ಕದ ಮುರಿದ ಮನೆಯಿಂದ ತಂದ ಹಂಚೂ ಇರಬಹುದು. ಹತ್ತು ಕಡೆ ತಿರುಗಿಸಿ ನೋಡಬೇಕು. ಪಕ್ಕಾಸು, ರೀಪು, ಗೋಡೆ ಎಲ್ಲ ನೋಡಬೇಕು. ಎಲ್ಲವೂ ಒಂದೇ ಕಾಲ ಹೇಳಿದರೆ ಆಗ ನಂಬಬಹುದು.

ಗಿಟಾರ್ ಕೂಡ ಹಾಗೆಯೇ. ಅಸಲಿ ಅಂತ ಸಾಧಿಸುವ ಒಂದೇ ಒಂದು ಗುರುತು ಯಾವುದೂ ಇಲ್ಲ. ಹತ್ತು ಗುರುತುಗಳು ಒಂದೇ ಮಾತು ಆಡುತ್ತವೆಯಾ, ಅದನ್ನೇ ಕೇಳಿಸಿಕೊಳ್ಳಬೇಕು. ಒಂದು ಗುರುತು ಬೇರೆ ಮಾತು ಆಡಿದರೆ ಅದು ಯಾಕೆ ಅಂತ ಹುಡುಕಬೇಕು.

ಎಲ್ಲರೂ ಮೊದಲು ನೋಡುವುದು ಸೀರಿಯಲ್ ನಂಬರ್. ನಾನು ಕೊನೆಗೆ ನೋಡುತ್ತೇನೆ. ಹಳೆಯ ಫೆಂಡರ್ ಗಿಟಾರಿನಲ್ಲಿ ನಂಬರ್ ಹೆಚ್ಚಾಗಿ ಇರುವುದು ನೆಕ್ ಕೂರುವ ಜಾಗದ ಹಿಂದಿನ ತಗಡಿನ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿದರೆ ತಗಡು ಕೈಗೆ ಬರುತ್ತದೆ. ಬೇರೆ ಗಿಟಾರಿಗೆ ಹಾಕಲು ಐದು ನಿಮಿಷ ಸಾಕು. ಕಾರ್ಖಾನೆಯಲ್ಲೂ ಆ ತಗಡುಗಳನ್ನು ನಂಬರಿನ ಕ್ರಮದಲ್ಲಿ ಹಾಕುತ್ತಿರಲಿಲ್ಲ. ಡಬ್ಬಿಗೆ ಕೈ ಹಾಕಿ ಸಿಕ್ಕಿದ್ದನ್ನು ಹಾಕುತ್ತಿದ್ದರು. ಗಿಲ್ಮೋರ್ ಅವರ ಅದೇ ಹರಾಜಿನಲ್ಲಿ 0001 ನಂಬರಿನ ಒಂದು ಬಿಳಿ ಸ್ಟ್ರಾಟೋಕಾಸ್ಟರ್ 18 ಲಕ್ಷ 15 ಸಾವಿರ ಡಾಲರಿಗೆ ಹೋಯಿತು. ಅದು 1954ರ ಗಿಟಾರ್ ನಿಜ. ಆದರೆ ಕಂಪೆನಿ ಮಾಡಿದ ಮೊದಲ ಸ್ಟ್ರಾಟೋಕಾಸ್ಟರ್ ಅದಲ್ಲ. ನಂಬರ್ ಒಂದು ಅಂದರೆ ಮೊದಲನೆಯದು ಅಂತ ಅರ್ಥವಲ್ಲ.

ಗಿಬ್ಸನ್‌ನಲ್ಲಿ ಇನ್ನೊಂದು ತೊಂದರೆ. 1950ರ ದಶಕದ ಲೆಸ್ ಪಾಲ್ ಮಾದರಿಯ ಗಿಟಾರ್‌ಗಳಲ್ಲಿ, ತಂತಿ ಬಿಗಿಯುವ ತಲೆಭಾಗದ, ಅಂದರೆ ಹೆಡ್‌ಸ್ಟಾಕಿನ ಹಿಂದೆ ಶಾಯಿಯಲ್ಲಿ ನಂಬರ್ ಒತ್ತಿರುತ್ತಾರೆ. ಮೊದಲ ಅಂಕಿ ಇಸವಿ. 9 ಅಂತಿದ್ದರೆ 1959. ಓದಲು ಸುಲಭ. ಹಾಗಾಗಿ ನಕಲು ಮಾಡಲೂ ಸುಲಭ. 1960ರ ದಶಕದಲ್ಲಿ ನಂಬರನ್ನು ಮರಕ್ಕೆ ಕೊರೆದು ಒತ್ತಿದರು. ಆದರೆ ಒಂದೇ ನಂಬರನ್ನು ಬೇರೆ ಬೇರೆ ವರ್ಷ ಮತ್ತೆ ಬಳಸಿದರು. ಆ ನಂಬರ್ ಒಂದನ್ನೇ ಇಟ್ಟುಕೊಂಡು ಇಸವಿ ಹೇಳುವುದು ಆಗದ ಮಾತು.

ಹಾಗಾದರೆ ಎಲ್ಲಿ ನೋಡಬೇಕು? ಒಳಗೆ.

ಫೆಂಡರಿನ ನೆಕ್ ಬಿಚ್ಚಿದರೆ ಅದರ ಬುಡದಲ್ಲಿ ತಾರೀಕು ಇರುತ್ತದೆ. 1962ರ ತನಕ ಪೆನ್ಸಿಲಿನಲ್ಲಿ ಬರೆದದ್ದು, ಆಮೇಲೆ ರಬ್ಬರ್ ಸ್ಟಾಂಪ್. ಇದು ನೆಕ್ ತಯಾರಾದ ದಿನ ಮಾತ್ರ. ಗಿಟಾರ್ ಜೋಡಿಸಿದ್ದು ಅದಾಗಿ ಕೆಲವು ತಿಂಗಳಿಗೆ ಇರಬಹುದು. ಹಾಗಾಗಿ ನೆಕ್ ಒಂದು ತಿಂಗಳು, ಬೇರೆ ಭಾಗ ಇನ್ನೊಂದು ತಿಂಗಳು ಹೇಳಿದರೆ ಹೆದರಬೇಡಿ. ನೆಕ್ 1959 ಹೇಳಿ ಬೇರೆಯದೆಲ್ಲ 1966 ಹೇಳಿದರೆ ಆಗ ಹೆದರಿ.

ಇನ್ನು ಪಾಟ್‌ಗಳು. ವಾಲ್ಯೂಮ್ ಮತ್ತು ಟೋನ್ ತಿರುಗಿಸುತ್ತೀರಲ್ಲ, ಆ ಗುಬ್ಬಿಗಳ ಕೆಳಗಿನ ಭಾಗ. ಅಮೆರಿಕದ ಪಾಟ್‌ಗಳ ಬೆನ್ನಿನ ಮೇಲೆ ಒಂದು ನಂಬರ್ ಒತ್ತಿರುತ್ತಾರೆ. ಉದಾಹರಣೆಗೆ 304 6234. ಮೊದಲ ಮೂರು ಅಂಕಿ ಪಾಟ್ ಮಾಡಿದ ಕಂಪೆನಿ. 304 ಅಂದರೆ ಸ್ಟ್ಯಾಕ್‌ಪೋಲ್, 137 ಅಂದರೆ ಸಿಟಿಎಸ್. ಮುಂದಿನ ಎರಡು ಇಸವಿ, ಕೊನೆಯ ಎರಡು ವಾರ. ಅಂದರೆ 1962ನೇ ಇಸವಿಯ 34ನೇ ವಾರ. 1950ರ ದಶಕದ ಎಷ್ಟೋ ಪಾಟ್‌ಗಳಲ್ಲಿ ಇಸವಿಗೆ ಒಂದೇ ಅಂಕಿ ಇರುತ್ತದೆ.

ಇಲ್ಲಿ ಒಂದು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಿ. ಈ ನಂಬರ್ ಹೇಳುವುದು ಗಿಟಾರ್ ಇದಕ್ಕಿಂತ ಹಿಂದಿನದ್ದಲ್ಲ ಅಂತ. ಗಿಟಾರ್ ಇದೇ ವರ್ಷದ್ದು ಅಂತ ಅಲ್ಲ. ಫೆಂಡರಿನವರು 1966ರಲ್ಲಿ ರಾಶಿ ಪಾಟ್ ಕೊಂಡಿಟ್ಟಿದ್ದರು. ಅವನ್ನು ವರ್ಷಗಟ್ಟಲೆ ಬಳಸಿದರು. 1968ರ ಗಿಟಾರಿನಲ್ಲಿ 1966ರ ಪಾಟ್ ಇದ್ದರೆ ಅದು ಅಸಲಿಯೇ. 1962ರದ್ದು ಅನ್ನುವ ಗಿಟಾರಿನಲ್ಲಿ 1966ರ ಪಾಟ್ ಇದ್ದರೆ ಯಾರೋ ಬದಲಿಸಿದ್ದಾರೆ, ಅಥವಾ ಗಿಟಾರೇ 1962ರದ್ದಲ್ಲ.

ಪಾಟ್ ನೋಡುವಾಗ ಬೆಸುಗೆಯನ್ನೂ ನೋಡಿ. ಅರುವತ್ತು ವರ್ಷದ ಸೋಲ್ಡರ್ ಮಂಕಾಗಿ, ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಬಟ್ಟೆ ಸುತ್ತಿದ ವಯರ್ ಇರುತ್ತದೆ. ಒಂದು ಕಡೆ ಮಾತ್ರ ಬೆಳ್ಳಿಯ ಹಾಗೆ ಮಿನುಗಿದರೆ ಅಲ್ಲಿ ಆಮೇಲೆ ಯಾರೋ ಬೆಸುಗೆ ಹಾಕಿದ್ದಾರೆ.

ಈ ಮಾತು ಹೇಳುವಾಗ ನನಗೆ ಇವತ್ತಿಗೂ ನೋವಾಗುತ್ತದೆ. 1997ರಲ್ಲಿ ಒಬ್ಬರು ತಮ್ಮ ಅಣ್ಣನ ಫೆಂಡರ್ ಜಾಝ್‌ಮಾಸ್ಟರ್ ಗಿಟಾರ್ ತಂದಿದ್ದರು. ಅಣ್ಣ ಹಡಗಿನಲ್ಲಿದ್ದವರು, ತೀರಿಕೊಂಡಿದ್ದರು. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಕ್ಲೀನರ್ ಹಾಕಿ ತಿರುಗಿಸಿದ್ದರೆ ಬಹುಶಃ ಸರಿಯಾಗುತ್ತಿತ್ತು. ನಾನು ಒಳ್ಳೆಯ ಕೆಲಸ ಮಾಡಿಕೊಡಬೇಕು ಅಂತ ಎಲ್ಲ ಪಾಟ್, ಎಲ್ಲ ವಯರ್ ತೆಗೆದು ಹೊಸತು ಹಾಕಿದೆ. ಹಳೆಯದನ್ನು ಗುಜರಿಗೆ ಕೊಟ್ಟೆ. ಹತ್ತು ವರ್ಷ ಕಳೆದು ಆ ಮನೆಯವರು ಗಿಟಾರನ್ನು ಹೊರದೇಶದಲ್ಲಿ ಹರಾಜಿಗೆ ಹಾಕಲು ಹೊರಟರು. ಅಲ್ಲಿಂದ ಮೊದಲು ಬಂದ ಪ್ರಶ್ನೆ, ಪಾಟ್‌ಗಳ ನಂಬರಿನ ಫೋಟೋ ಕಳಿಸಿ ಅಂತ. ಕಳಿಸಲು ಏನಿತ್ತು? ಅವರು ಅಂದಾಜು ಬೆಲೆಯನ್ನು ಇಳಿಸಿದರು. ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ನಾನು ಯಾವ ಹಳೆಯ ಸ್ಕ್ರೂವನ್ನೂ ಬಿಸಾಡಿಲ್ಲ. ತೆಗೆದದ್ದನ್ನೆಲ್ಲ ಒಂದು ಲಕೋಟೆಗೆ ಹಾಕಿ, ಮೇಲೆ ತಾರೀಕು ಬರೆದು, ಗಿಟಾರಿನ ಕೇಸಿನಲ್ಲೇ ಇಡುತ್ತೇನೆ. ರಿಪೇರಿ ಮಾಡುವ ಹುಡುಗರು ಇಲ್ಲಿ ಕೆಲವರಿದ್ದೀರಿ. ದಯವಿಟ್ಟು ನೀವೂ ಹಾಗೆ ಮಾಡಿ.

ಪಿಕಪ್ ವಿಷಯಕ್ಕೆ ಬಂದರೆ, ಗಿಬ್ಸನ್‌ನ ಹಂಬಕರ್‌ಗಳೇ, ಅಂದರೆ ಎರಡು ಸುರುಳಿಯ ಪಿಕಪ್‌ಗಳೇ, ಜಾಸ್ತಿ ಮೋಸಕ್ಕೆ ಗುರಿಯಾದವು. 1957ರ ಸುಮಾರಿಗೆ ಬಂದ ಹಂಬಕರ್‌ನ ತಳದಲ್ಲಿ 'ಪೇಟೆಂಟ್ ಅಪ್ಲೈಡ್ ಫಾರ್' ಅಂತ ಸಣ್ಣ ಕಪ್ಪು ಸ್ಟಿಕ್ಕರ್ ಇತ್ತು. ಪೇಟೆಂಟಿಗೆ ಅರ್ಜಿ ಹಾಕಿದ್ದೇವೆ ಅಂತ ಅರ್ಥ. ಅದನ್ನೇ ಚಿಕ್ಕದಾಗಿ ಪ್ಯಾಫ್ ಅನ್ನುತ್ತಾರೆ. ಪೇಟೆಂಟ್ 1959ರಲ್ಲೇ ಸಿಕ್ಕಿದರೂ ಆ ಸ್ಟಿಕ್ಕರ್ ಇನ್ನೂ ಕೆಲವು ವರ್ಷ ಹಾಗೇ ಮುಂದುವರಿಯಿತು. ಆಮೇಲೆ ಪೇಟೆಂಟ್ ನಂಬರ್ ಇರುವ ಸ್ಟಿಕ್ಕರ್ ಬಂತು. ಆದರೆ ಆ ನಂಬರ್ ಪಿಕಪ್‌ನದ್ದೇ ಅಲ್ಲ! ಆ ಗಿಟಾರಿಗೆ ಹೆಸರು ಕೊಟ್ಟ ವಾದಕ ಲೆಸ್ ಪಾಲ್ ಅವರ ಹೆಸರಿನಲ್ಲಿದ್ದ, ತಂತಿ ಕಟ್ಟುವ ಟೇಲ್‌ಪೀಸಿನ ಪೇಟೆಂಟ್ ನಂಬರ್ ಅದು. ಇಂಥದ್ದನ್ನು ನೋಡಿದಾಗ ನನಗೆ ಆ ಕಾರ್ಖಾನೆಯ ಬಗ್ಗೆ ಪ್ರೀತಿ ಜಾಸ್ತಿಯಾಗುತ್ತದೆ. ಅಲ್ಲಿ ಕೂತು ಕೆಲಸ ಮಾಡಿದವರು ನಮ್ಮ ನಿಮ್ಮ ಹಾಗೆ ಮನುಷ್ಯರು. ಅರುವತ್ತು ವರ್ಷ ಕಳೆದು ಯಾರೋ ಭೂತಗನ್ನಡಿ ಹಿಡಿದು ಓದುತ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ.

ಈಗ ಆ ಸ್ಟಿಕ್ಕರ್ ಪ್ರಿಂಟ್ ಮಾಡಿ ಮಾರುತ್ತಾರೆ. ಸ್ಟಿಕ್ಕರಿಗೆ ದುಡ್ಡು ಕೊಡಬೇಡಿ. ತಳದ ತಗಡು, ಸ್ಕ್ರೂ, ವಯರ್ ಎಲ್ಲ ನೋಡಿ. ಮಲ್ಟಿಮೀಟರ್ ಹಿಡಿದರೆ ಪ್ಯಾಫ್ ಸುಮಾರು ಏಳರಿಂದ ಒಂಬತ್ತು ಕಿಲೋ ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ. ಮತ್ತೆ ಸುತ್ತಿಸಬಹುದು, ಒಳ್ಳೆಯ ಸ್ವರವೂ ಬರಬಹುದು. ಆದರೆ ಹರಾಜಿನಲ್ಲಿ ಅದು ಅಸಲಿ ಪಿಕಪ್ ಅಲ್ಲ. ನಮ್ಮ ಕರಾವಳಿಯಲ್ಲಿ ಇದು ಜಾಸ್ತಿ. ಫೆಂಡರ್ ಪಿಕಪ್‌ನಲ್ಲಿ ತಂತಿ ಸುತ್ತಿರುವುದು ನೇರವಾಗಿ ಅಯಸ್ಕಾಂತದ ಕಂಬಗಳ ಮೇಲೆ. ಉಪ್ಪುಗಾಳಿಗೆ ಆ ಕಂಬ ತುಕ್ಕು ಹಿಡಿಯುತ್ತದೆ. ಕೂದಲಿಗಿಂತ ತೆಳುವಾದ ತಂತಿ ತುಕ್ಕಿಗೆ ಸಿಕ್ಕಿ ಹೋಗುತ್ತದೆ.

ಈಗ ಬಣ್ಣಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಯಾಕೆಂದರೆ ದುಡ್ಡು ಹೋಗುವುದು ಇಲ್ಲೇ. ಮತ್ತೆ ಬಣ್ಣ ಬಳಿದ ಹಳೆಯ ಗಿಟಾರಿಗೆ ಸುಮಾರು ಅರ್ಧ ಬೆಲೆ ಅಂತ ಈ ವ್ಯಾಪಾರದಲ್ಲಿ ಲೆಕ್ಕ. ಎಷ್ಟು ಚಂದ ಬಳಿದಿದ್ದರೂ ಅಷ್ಟೇ.

ನನ್ನ ಬಳಿಗೆ ಒಮ್ಮೆ ಫೆಂಡರಿನ ಒಂದು ಕೆಂಪು ಟೆಲಿಕಾಸ್ಟರ್ ಬಂತು. ಬಹರೈನ್‌ನಲ್ಲಿದ್ದ ಮಾವ ತಂದುಕೊಟ್ಟದ್ದು ಅಂತ ಹೇಳಿದರು. ಕೆಂಪು ಒಂದು ಅಪರೂಪದ ಬಣ್ಣ, ಬೆಲೆ ಜಾಸ್ತಿ ಅಂತ ಎಲ್ಲೋ ಓದಿ ಆಸೆಯಿಂದ ಬಂದಿದ್ದರು. ಆ ಕಾಲದಲ್ಲಿ ಫೆಂಡರ್ ಕಾರಿನ ಬಣ್ಣಗಳನ್ನೇ ಬಳಸುತ್ತಿತ್ತು. ಫಿಯೆಸ್ಟಾ ರೆಡ್, ಲೇಕ್ ಪ್ಲ್ಯಾಸಿಡ್ ಬ್ಲೂ, ಇವೆಲ್ಲ ಕಾರಿನ ಬಣ್ಣದ ಹೆಸರುಗಳು. ಕಾರ್ಖಾನೆಯಿಂದಲೇ ಆ ಬಣ್ಣದಲ್ಲಿ ಬಂದಿದ್ದರೆ ನಿಜವಾಗಿ ಬೆಲೆ ಜಾಸ್ತಿ. ನಾನು ಕಂಟ್ರೋಲ್ ತಗಡಿನ ಎರಡು ಸ್ಕ್ರೂ ತೆಗೆದೆ. ತಗಡಿನ ಕೆಳಗೆ, ಗುಳಿಯ ಅಂಚಿನಲ್ಲಿ, ಹಳೆಯ ಬೆಣ್ಣೆ ಬಣ್ಣ ಕಂಡಿತು. ಕೇಳುತ್ತಾ ಹೋದ ಹಾಗೆ ಕಥೆ ಹೊರಗೆ ಬಂತು. ಎಂಬತ್ತರ ದಶಕದಲ್ಲಿ ಬ್ಯಾಂಡಿನವರ ಗಿಟಾರ್ ಎಲ್ಲ ಒಂದೇ ಬಣ್ಣ ಇರಲಿ ಅಂತ ಗ್ಯಾರೇಜಿನಲ್ಲಿ ಕಾರಿಗೆ ಹೊಡೆಯುವ ಪೈಂಟ್ ಹೊಡೆಸಿದ್ದರು. ಅವರ ಮುಖ ಬಾಡಿದ್ದನ್ನು ನೋಡಲು ಆಗಲಿಲ್ಲ. ನಾನು ಹೇಳಿದೆ, ಮಾರಬೇಡಿ, ನುಡಿಸಿ, ಆ ಬ್ಯಾಂಡಿನ ಎಷ್ಟು ರೋಸ್ (ಮದುವೆಯ ಹಿಂದಿನ ದಿನದ ಶಾಸ್ತ್ರ), ಎಷ್ಟು ಮದುವೆ ನೋಡಿದ ಗಿಟಾರ್ ಇದು ಅಂತ. ಅವರು ಮಾರಲಿಲ್ಲ.

ಮತ್ತೆ ಬಣ್ಣ ಬಳಿದದ್ದು ಗೊತ್ತಾಗುವುದು ಹೇಗೆ? ಫೆಂಡರಿನವರು 1960ರ ದಶಕದ ನಡುವಿನ ತನಕ ಗಿಟಾರಿನ ಬಾಡಿಯ ಮೇಲೆ ಸಣ್ಣ ಮೊಳೆ ಹೊಡೆದು, ಬಣ್ಣ ಹೊಡೆದು, ಒಣಗಲು ಆ ಮೊಳೆಗಳ ಮೇಲೆ ನಿಲ್ಲಿಸುತ್ತಿದ್ದರು. ಆಮೇಲೆ ಮೊಳೆ ಕೀಳುತ್ತಿದ್ದರು. ಹಾಗಾಗಿ ಆ ತೂತಿನ ಒಳಗೆ ಬಣ್ಣ ಇರಬಾರದು, ಹಸಿ ಮರ ಕಾಣಬೇಕು. ತೂತಿನ ಒಳಗೆ ಬಣ್ಣ ಇಳಿದಿದ್ದರೆ ಮೊಳೆ ಕಿತ್ತ ಮೇಲೆ ಯಾರೋ ಬಳಿದಿದ್ದಾರೆ. ಪಿಕ್‌ಗಾರ್ಡ್, ಅಂದರೆ ಗಿಟಾರಿನ ಮೈಗೆ ಗೀರು ಬೀಳದ ಹಾಗೆ ಹಾಕಿದ ಹಾಳೆ, ಅದರ ಕೆಳಗೆ ನೋಡಿ. ಅಲ್ಲಿ ಬಿಸಿಲು ಬಿದ್ದಿಲ್ಲ. ಹೊರಗೆ ಬಿಳಿ ಹಳದಿಯಾಗಿದ್ದರೂ ಒಳಗೆ ಬಿಳಿಯೇ ಉಳಿದಿರಬೇಕು. ಎರಡೂ ಕಡೆ ಒಂದೇ ಹಳದಿ ಇದ್ದರೆ ಅದು ಬಿಸಿಲಿನ ಹಳದಿಯಲ್ಲ, ಡಬ್ಬಿಯ ಹಳದಿ.

ನನ್ನ ಕೈಯಲ್ಲಿ ಇರುವುದು ನೋಟು ನೋಡುವ ಟಾರ್ಚ್, ಅಂದರೆ ಯುವಿ ಟಾರ್ಚ್. ಆ ಕಾಲದ ಗಿಟಾರ್‌ಗಳಿಗೆ ಹೊಡೆದದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅನ್ನುವ ಹೊಳಪಿನ ಲೇಪ. ಹಳೆಯದಾದ ಹಾಗೆ ಅದು ಈ ಬೆಳಕಿಗೆ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ. ಹೊಸದಾಗಿ ಹೊಡೆದ ಜಾಗ ಕಪ್ಪಾಗಿ, ಕಲೆಯ ಹಾಗೆ ಕಾಣುತ್ತದೆ. ಹಗಲು ಬೆಳಕಿಗೆ ಕಾಣದ ತೇಪೆ ಕತ್ತಲಲ್ಲಿ ಕಾಣುತ್ತದೆ. ಇದು ಬಹಳ ಒಳ್ಳೆಯ ಪರೀಕ್ಷೆ. ಆದರೆ ಇದೂ ಒಂದು ಹಂಚು ಮಾತ್ರ. ಹಳೆಯದರ ಹಾಗೆ ಹೊಳೆಯುವಂತೆ ಮಾಡುವವರೂ ಇದ್ದಾರೆ.

ಯುವಿ ಟಾರ್ಚನ್ನು ಮೊದಲು ಹಿಡಿಯಬೇಕಾದ್ದು ಗಿಬ್ಸನ್ ಹೆಡ್‌ಸ್ಟಾಕಿನ ಹಿಂದೆ, ನೆಕ್ ಸೇರುವಲ್ಲಿ. 1950ರ ದಶಕದಲ್ಲಿ ಹೆಡ್‌ಸ್ಟಾಕ್ 17 ಡಿಗ್ರಿ ಹಿಂದಕ್ಕೆ ಬಾಗಿತ್ತು. ಮರ ಮಹೋಗನಿ. ಅದರಲ್ಲಿ ಟ್ರಸ್ ರಾಡ್, ಅಂದರೆ ನೆಕ್ ಒಳಗಿನ ಬಾಗು ಸರಿಪಡಿಸುವ ಸರಳು, ತಿರುಗಿಸಲು ಗುಳಿ ತೋಡಿದ್ದಾರೆ. ಎಲ್ಲಕ್ಕಿಂತ ತೆಳು ಜಾಗ ಅದು. ಸ್ಟ್ಯಾಂಡಿನಿಂದ ಹಿಂದಕ್ಕೆ ಬಿದ್ದರೆ ಅಲ್ಲೇ ಮುರಿಯುತ್ತದೆ. ಒಳ್ಳೆಯ ಗೋಂದು ಹಾಕಿ ಸರಿಯಾಗಿ ಅಂಟಿಸಿದರೆ ನೂರು ವರ್ಷ ಬಾಳುತ್ತದೆ, ಸ್ವರದಲ್ಲೂ ಏನೂ ಕೊರತೆ ಇಲ್ಲ. ಬೆಲೆ ಮಾತ್ರ ಅರ್ಧ. ನುಡಿಸಲು ಬೇಕು, ದುಡ್ಡು ಕಡಿಮೆ ಅನ್ನುವವರಿಗೆ ನಾನು ಹೇಳುವುದು, ಅಂಥದ್ದನ್ನೇ ಹುಡುಕಿ. ಆದರೆ ಮುರಿದದ್ದು ಅಂತ ಗೊತ್ತಿದ್ದು ಕೊಳ್ಳಿ.

ಲ್ಯಾಕರಿನ ಬಿರುಕುಗಳ ಬಗ್ಗೆ ನಮ್ಮ ಕರಾವಳಿಯವರು ವಿಶೇಷವಾಗಿ ತಿಳಿದುಕೊಳ್ಳಬೇಕಾದ್ದು ಉಂಟು. ಹಳೆಯ ಗಿಟಾರಿನ ಮೈಮೇಲೆ ಕೂದಲಿನಂಥ ಬಿರುಕು ಇರುತ್ತದೆ. ಅದು ಬರುವುದು ಚಳಿಗೆ. ಹಿಮ ಬೀಳುವ ಊರಿನಲ್ಲಿ ಕಾರಿನ ಡಿಕ್ಕಿಯಿಂದ ತೆಗೆದ ಗಿಟಾರನ್ನು ಬೆಚ್ಚಗಿನ ಕೋಣೆಯಲ್ಲಿ ಕೂಡಲೇ ತೆರೆದರೆ ಮರ ಒಂದು ರೀತಿ ಹಿಗ್ಗುತ್ತದೆ, ಲ್ಯಾಕರ್ ಇನ್ನೊಂದು ರೀತಿ. ಆಗ ಬಿರುಕು. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ನಮ್ಮಲ್ಲಿ ಇರುವುದು ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ. ಇಲ್ಲಿ ಬೆಳೆದ ಗಿಟಾರಿಗೆ ತುಕ್ಕು ಇರಬೇಕು, ತಂತಿ ಕೂರುವ ಬ್ರಿಡ್ಜಿನ ಸ್ಕ್ರೂ ಕಪ್ಪಾಗಿರಬೇಕು, ಕೇಸಿನ ಬಟ್ಟೆಗೆ ಬೂಸಲಿನ ವಾಸನೆ ಇರಬೇಕು. 'ಇದು ಐವತ್ತು ವರ್ಷದಿಂದ ನಮ್ಮ ಮನೆಯಲ್ಲೇ ಇತ್ತು' ಅಂತ ಒಬ್ಬರು ಹೇಳುತ್ತಾರೆ. ಗಿಟಾರಿನ ಮೈತುಂಬ ಚಳಿಯ ಬಿರುಕು, ಸ್ಕ್ರೂಗಳು ಮಾತ್ರ ಫಳಫಳ. ಗಿಟಾರ್ ಒಂದು ಹೇಳುತ್ತದೆ, ಮನುಷ್ಯ ಇನ್ನೊಂದು. ನಾನು ಗಿಟಾರನ್ನು ನಂಬುತ್ತೇನೆ.

ಸುಳ್ಳು ಬಿರುಕು ಬ್ಲೇಡಿನಲ್ಲಿ ಗೀರಿದ್ದು. ಅವು ನೇರವಾಗಿ, ಒಂದರ ಪಕ್ಕ ಒಂದು, ಒಂದೇ ಅಂತರದಲ್ಲಿ ಇರುತ್ತವೆ. ನಿಜವಾದದ್ದು ಹಾಗೆ ಸಾಲು ನಿಲ್ಲುವುದಿಲ್ಲ. ಹೊಸ ಗಿಟಾರನ್ನು ಹಳೆಯದಾಗಿ ಕಾಣಿಸುವುದು ಈಗ ಒಂದು ದೊಡ್ಡ ಉದ್ಯಮ. ಫೆಂಡರ್ ಕಂಪೆನಿಯೇ 1995ರಲ್ಲಿ 'ರೆಲಿಕ್' ಅಂತ ಅಂಥ ಗಿಟಾರ್‌ಗಳನ್ನು ತಂದಿತು. ಅದು ಮೋಸ ಅಲ್ಲ, ಹೇಳಿಯೇ ಮಾರುತ್ತಾರೆ. ಮೂರನೇ ಕೈಗೆ ಹೋದಾಗ ಕಥೆ ಬದಲಾಗುತ್ತದೆ.

ಸವೆತವನ್ನು ನೋಡುವಾಗ ಆ ಗಿಟಾರ್ ನುಡಿಸಿದವನನ್ನು ಮನಸ್ಸಿನಲ್ಲಿ ಕಾಣಿ. ಬಲಗೈ ಒರಗುವಲ್ಲಿ ಬಣ್ಣ ಹೋಗುತ್ತದೆ. ಬೆನ್ನಿನಲ್ಲಿ ಬೆಲ್ಟಿನ ಬಕಲ್ ತಾಗಿ ಗೀರು ಬೀಳುತ್ತದೆ. ನಮ್ಮ ಚರ್ಚಿನ ಕೊಯರ್‌ನಲ್ಲಿ ಇಪ್ಪತ್ತು ವರ್ಷ ನುಡಿಸಿದ ಗಿಟಾರ್‌ಗಳನ್ನು ನಾನು ನೋಡಿದ್ದೇನೆ. ಸಿ, ಜಿ, ಡಿ, ಎ ಮೈನರ್, ಈ ನಾಲ್ಕು ಸ್ವರಗುಚ್ಛ, ಅಷ್ಟೇ. ಮೊದಲ ಮೂರು ಫ್ರೆಟ್‌ಗಳಲ್ಲಿ, ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ, ಕಾಲುವೆಯ ಹಾಗೆ ಗುಳಿ. ಐದರಿಂದ ಮೇಲೆ ಹೊಸತರಂತೆ. ಅದು ಸತ್ಯವಾದ ಸವೆತ. ಬಾಡಿಯ ಬಣ್ಣ ಅರ್ಧ ಕಿತ್ತುಹೋಗಿದ್ದು ಫ್ರೆಟ್‌ಗಳು ಮಾತ್ರ ಮುಟ್ಟದ ಹಾಗೆ ಇದ್ದರೆ ಕೇಳಲೇಬೇಕು. ಫ್ರೆಟ್ ಬದಲಿಸಿದ್ದಾರಾ? ಬದಲಿಸಿದ್ದರೆ ಪರವಾಗಿಲ್ಲ, ಕಾರಿನ ಟಯರ್ ಇದ್ದ ಹಾಗೆ. ಬದಲಿಸಿಲ್ಲ ಅಂದರೆ ಬಣ್ಣ ಕಿತ್ತದ್ದು ಮನುಷ್ಯನ ಕೈಯಲ್ಲ, ಉಪ್ಪುಕಾಗದ.

ತುಂಬ ದೊಡ್ಡ ಬೆಲೆಯ ಮೋಸದ ಬಗ್ಗೆ ಒಂದು ಮಾತು. ಲೆಸ್ ಪಾಲ್‌ನ ಸನ್‌ಬರ್ಸ್ಟ್, ಅಂದರೆ ನಡುವೆ ತಿಳಿಯಾಗಿ ಅಂಚಿಗೆ ಗಾಢವಾಗುವ ಬಣ್ಣದ ಸ್ಟ್ಯಾಂಡರ್ಡ್ ಮಾದರಿಯನ್ನು ಆ ಕಾಲದಲ್ಲಿ ಮಾಡಿದ್ದು 1958ರಿಂದ 1960ರ ತನಕ ಮಾತ್ರ. ಎರಡು ಸಾವಿರವೂ ಮಾಡಲಿಲ್ಲ. ಇವತ್ತು ಅದಕ್ಕೆ ಕೋಟಿಗಳ ಲೆಕ್ಕ. ಅದಕ್ಕಿಂತ ಹಿಂದೆ 1952ರಿಂದ ಬಂದ ಚಿನ್ನದ ಬಣ್ಣದ ಲೆಸ್ ಪಾಲ್‌ಗೂ ಅದೇ ಮಹೋಗನಿ ಬಾಡಿ, ಅದೇ ಮೇಪಲ್ ಮುಖ. ಚಿನ್ನ ಕೆರೆದು, ಸನ್‌ಬರ್ಸ್ಟ್ ಹೊಡೆದು, ಪಿಕಪ್ ಗುಳಿ ದೊಡ್ಡ ಮಾಡಿದರೆ ಆಯಿತು. ಎಷ್ಟೋ ಮಂದಿ ಹಾಗೆ ಮಾಡಿದ್ದಾರೆ. ಗುರುತು ಸಿಗುವುದು ಮೇಪಲ್ ತುಂಡುಗಳ ಜೋಡಣೆಯಲ್ಲಿ. ಚಿನ್ನದ ಕೆಳಗೆ ಮರ ಕಾಣುವುದಿಲ್ಲ ಅಂತ ಕಾರ್ಖಾನೆಯವರು ಸಾದಾ ತುಂಡುಗಳನ್ನು ಹೇಗೆಂದರೆ ಹಾಗೆ ಜೋಡಿಸುತ್ತಿದ್ದರು. ಸನ್‌ಬರ್ಸ್ಟಿಗೆ ಎರಡು ತುಂಡನ್ನು ನಡುವಿನಲ್ಲಿ ಸರಿಯಾಗಿ ಸೇರಿಸುತ್ತಿದ್ದರು. ಇಂಥದ್ದಕ್ಕೆ ಕೈ ಹಾಕುವ ಮುಂಚೆ ಅದನ್ನೇ ಕಲಿತವರಿಗೆ ದುಡ್ಡು ಕೊಟ್ಟು ತೋರಿಸಿ.

ನೀವು ಇಲ್ಲಿ ಕೂತು ಅಲ್ಲಿನ ಹರಾಜಿನಲ್ಲಿ ಭಾಗವಹಿಸುವವರಾದರೆ, ಕಂಡೀಶನ್ ರಿಪೋರ್ಟ್ ಕೇಳಿ ಪಡೆಯಿರಿ. ಹರಾಜಿನವರು ಇದ್ದ ಹಾಗೆಯೇ ಮಾರುವುದು. ಆಮೇಲೆ ಹಿಂದೆ ಕೊಡುತ್ತೇನೆ ಅಂದರೆ ಬಹಳ ಕಷ್ಟ. ನೆಕ್ ಬುಡ, ಪಾಟ್ ಬೆನ್ನು, ಪಿಕಪ್ ತಳ, ಯುವಿ ಬೆಳಕಿನಲ್ಲಿ ಹೆಡ್‌ಸ್ಟಾಕಿನ ಹಿಂಬದಿ, ಇಷ್ಟರ ಫೋಟೋ ಕೇಳಿ. ತೂಕ ಕೇಳಿ. ಟ್ರಸ್ ರಾಡ್ ಇನ್ನೂ ತಿರುಗುತ್ತದಾ, ಪೂರ್ತಿ ಬಿಗಿದು ಮುಗಿದಿದೆಯಾ ಅಂತ ಕೇಳಿ. ಕೇಳಿದ ಫೋಟೋ ಬಾರದಿದ್ದರೆ ಬಿಡಿ ಮಾರಾಯ್ರೆ, ಇನ್ನೊಂದು ಗಿಟಾರ್ ಬಂದೇ ಬರುತ್ತದೆ. ಲೆಕ್ಕ ಹಾಕುವಾಗ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಸೇರಿಸಿ. ದೊಡ್ಡ ಹರಾಜುಗಳಲ್ಲಿ ಅದು ಶೇಕಡಾ 20 ದಾಟುತ್ತದೆ. ಅದರ ಮೇಲೆ ಸಾಗಾಟ, ವಿಮೆ, ಕಸ್ಟಮ್ಸ್.

ಮರದ ಕಾನೂನೂ ಉಂಟು. ಹಳೆಯ ಗಿಟಾರ್‌ಗಳ ಕಪ್ಪು ಫಿಂಗರ್‌ಬೋರ್ಡ್, ಅಂದರೆ ಬೆರಳು ಒತ್ತುವ ಹಲಗೆ, ಬಹಳಷ್ಟು ಬ್ರೆಜಿಲ್‌ನ ರೋಸ್‌ವುಡ್. ಅದು ಸಿಗದಾದಾಗ, 1960ರ ದಶಕದ ಕೊನೆಗೆ, ಅಮೆರಿಕದವರು ಬಂದದ್ದು ನಮ್ಮ ದೇಶದ ಮರಕ್ಕೆ. ಯಾವುದು ಗೊತ್ತಾ? ನಮ್ಮ ಘಟ್ಟದಲ್ಲೂ ಬೆಳೆಯುವ ಬೀಟೆ. ನಿಮ್ಮ ಅಜ್ಜಿಯ ಮಂಚ, ಕಪಾಟು ಮಾಡಿದ ಅದೇ ಬೀಟೆ. ಬ್ರೆಜಿಲ್ ಮರ 1992ರಿಂದ ಅಳಿವಿನ ಅಂಚಿನ ಪ್ರಾಣಿ, ಮರಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಪರ್ಮಿಟ್ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ, ಗಿಟಾರ್ ಎಷ್ಟು ಹಳೆಯದಾದರೂ. ಬೀಟೆಗೂ 2017ರಲ್ಲಿ ಕಟ್ಟುನಿಟ್ಟು ಬಂದಿತ್ತು. ಮಾಡಿ ಮುಗಿಸಿದ ವಾದ್ಯಗಳಿಗೆ 2019ರಲ್ಲಿ ರಿಯಾಯಿತಿ ಕೊಟ್ಟರು. ಬಿಡ್ ಹಾಕುವ ಮುಂಚೆ ಫಿಂಗರ್‌ಬೋರ್ಡ್ ಯಾವ ಮರ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ತಂದ ಮೇಲೆ? ಗಿಟಾರಿಗೆ ಬೇಕಾದದ್ದು ಶೇಕಡಾ 45ರಿಂದ 55ರ ತೇವಾಂಶ. ಜುಲೈಯಲ್ಲಿ ನಮ್ಮ ಗಾಳಿ ಅದರ ಹತ್ತಿರವೂ ಇರುವುದಿಲ್ಲ. ಹಳೆಯ ಮನೆಗಳಲ್ಲಿ ಕಪಾಟಿನ ಒಳಗೆ ಒಂದು ಬಲ್ಬ್ ಉರಿಸಿಡುತ್ತಿದ್ದರು, ಬಟ್ಟೆಗೆ ಬೂಸಲು ಬಾರದ ಹಾಗೆ. ಅದೇ ಬುದ್ಧಿ ಇಲ್ಲೂ ಬೇಕು. ಸಣ್ಣ ಡಿಹ್ಯುಮಿಡಿಫೈಯರ್, ಹತ್ತಿರ ಒಂದು ತೇವಾಂಶ ಮೀಟರ್. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ. ಹಳೆಯ ಸೆಲ್ಯುಲಾಯ್ಡ್ ಪಿಕ್‌ಗಾರ್ಡ್ ಇರುವ ಗಿಟಾರನ್ನು ಕೇಸಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಸೆಲ್ಯುಲಾಯ್ಡ್ ಕೆಡುವಾಗ ಆಮ್ಲದ ಆವಿ ಬಿಡುತ್ತದೆ, ಅದು ಹತ್ತಿರದ ಲೋಹವನ್ನು ತಿನ್ನುತ್ತದೆ. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ನುಡಿಸಿ.

ಇನ್ನು ಮಾತು ಸಾಕು. ಈ ಮೇಜಿನ ಮೇಲೆ ಎರಡು ಗಿಟಾರ್ ಇವೆ. ಎರಡರ ಮೇಲೂ 1965 ಅಂತ ಚೀಟಿ ಅಂಟಿಸಿದ್ದೇನೆ. ಒಂದು ಚೀಟಿ ಮಾತ್ರ ನಿಜ. ಹಿಂದಿನ ಸಾಲಿನವರು ಮುಂದೆ ಬನ್ನಿ. ಕಿಟಕಿಯ ಹತ್ತಿರ ಇರುವವರು ಬಾಗಿಲು ಹಾಕಿ, ಲೈಟ್ ಆರಿಸಿ. ಟಾರ್ಚನ್ನು ಮೊದಲು ಹೆಡ್‌ಸ್ಟಾಕಿನ ಹಿಂದೆ ಹಿಡಿಯಿರಿ. ಸ್ಕ್ರೂಡ್ರೈವರ್ ಇಲ್ಲಿದೆ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಈ ತಟ್ಟೆಗೇ ಹಾಕಿ, ಒಂದೂ ಕೆಳಗೆ ಬೀಳಬಾರದು.